ಗಂಡನ ಮನೆ ಬಿಟ್ಟು ಬಂದ ತಂಗಿ: ಸಖಿಗೆ ಹೋದ್ರೆ ತಾನಾಗೇ ಪೊಲೀಸ್ ಕೇಸ್ ಆಗುತ್ತಾ?

ನಿಟ್ಟುವಳ್ಳಿ ಟೈಲರಕ್ಕ ಕೇಳಿದ್ದು

ಎಲ್ಲರಿಗೂ ನಮಸ್ಕಾರ. ದಾವಣಗೆರೆ, ದುರ್ಗದ ಕಡೆ ಇಂಥ ಕೆಲಸದಾಗೆ ಇದ್ದೋರು ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ.

ನನ್ನ ತಂಗಿನ ಚಳ್ಳಕೆರೆ ಕಡೆ ಕೊಟ್ಟಿದ್ವಿ. ಗಂಡ ಎಣ್ಣೆ ಮಿಲ್‌ನಾಗೆ ಕೆಲಸಕ್ಕೆ ಹೋಗ್ತಾನೆ. ಹೋದ ವಾರ ಇವಳು ಮಗಳನ್ನ ಕರ್ಕೊಂಡು, ಒಂದು ಕೈಚೀಲದಾಗೆ ಎರಡು ಜೊತೆ ಬಟ್ಟೆ ತುರುಕ್ಕೊಂಡು ಬಂದುಬಿಟ್ಟಾಳೆ. "ಬಸ್ಸು ಫ್ರೀ ಐತಲ್ಲಕ್ಕ, ಅದಕ್ಕೆ ಬರಾಕಾತು, ಕೈಯಾಗೆ ಹತ್ತು ರೂಪಾಯಿ ಇರ್ಲಿಲ್ಲ" ಅಂದ್ಲು. ಬಂದ ದಿನ ಏನೂ ಬಾಯಿ ಬಿಡ್ಲಿಲ್ಲ. ಹಾಕ್ಕಳ್ಳಾಕೆ ಜಂಪರ್ ಇಲ್ಲ ಅಂತ ನಾನೇ ಹೊಲಿಯಾಕೆ ಅಳತೆ ತಗಂಡೆ. ತೋಳಿಗೆ ಟೇಪು ಸುತ್ತಿದ್ರೆ "ಸ್" ಅಂತ ಕೈ ಕಿತ್ಕೊಂಡ್ಲು. ನೋಡಿದ್ರೆ ನಾಕೂ ಬೆರಳಿನ ಗುರುತು, ನೀಲಿ ಹೋಗಿ ಹಳದಿ ಆಗ್ಯಾವೆ. ಎಡಗಡೆ ನಿಂತು ಮಾತಾಡಿದ್ರೆ ಕೇಳಿಸಲ್ಲ, "ಗುಂಯ್ ಅಂತೈತೆ" ಅಂತಾಳೆ. ಇನ್ನೊಂದು ವಿಷಯನೂ ಐತೆ, ರಾತ್ರಿದು. "ಬ್ಯಾಡ ಅಂದ್ರೂ ಬಿಡಲ್ಲ ಅಕ್ಕ" ಅಂದು ಸುಮ್ಮನಾದ್ಲು, ನಾನೂ ಕೆದಕಲಿಲ್ಲ.

ಮೊದಲೊಂದ್ಸಲ ಅಲ್ಲೇ ಠಾಣೆಗೆ ಹೋಗಿದ್ಲಂತೆ. ಗಂಡನ್ನ ಕರೆಸಿ ಮುಚ್ಚಳಿಕೆ ಬರೆಸ್ಕೊಂಡು, "ಹೊಂದ್ಕೊಂಡು ಹೋಗಮ್ಮ, ಮಗು ಐತೆ" ಅಂತ ಕಳಿಸಿದ್ರಂತೆ. ಆವತ್ತು ರಾತ್ರಿ ಇನ್ನೂ ಜಾಸ್ತಿ ಬಿತ್ತು ಅಂತಾಳೆ.

ಈಗ ನಮ್ಮಪ್ಪ ಹಿರಿಯರನ್ನ ಕೂಡಿಸಿ ಪಂಚಾಯ್ತಿ ಮಾಡನ ಅಂತಾರೆ. ತಂಗಿಗೆ ಕೇಸು ಅಂದ್ರೇ ಭಯ. ಪಕ್ಕದ ಅಂಗನವಾಡಿ ಟೀಚರು, ಹಿಂಸೆ ಆದ ಹೆಣ್ಮಕ್ಕಳಿಗೆ ಸಹಾಯ ಮಾಡೋ ಸರ್ಕಾರಿ ಸಖಿ ಸೆಂಟರ್‌ಗೆ ಕರ್ಕೊಂಡು ಹೋಗು ಅಂದ್ರು. ಅಲ್ಲಿಗೆ ಹೋದ್ರೆ ತಾನಾಗೇ ಎಫ್‌ಐಆರ್ ಆಗುತ್ತಾ? ಚಳ್ಳಕೆರೆದನ್ನ ದಾವಣಗೆರೆಲಿ ಹೇಳ್ಕಳಾಕೆ ಬರುತ್ತಾ? ಮನೆ ಅತ್ತೆ ಹೆಸರಿನಾಗೈತೆ, "ಇದು ನನ್ನ ಮನೆ, ನಿನಗೆ ಒಂದು ಇಟ್ಟಿಗೆನೂ ಇಲ್ಲ" ಅಂತ ಆಯಮ್ಮ ಫೋನ್‌ನಾಗೆ ಹೇಳ್ತಾಳೆ. ವಕೀಲರಿಗೆ ಕೊಡಾಕೆ ನನ್ನ ಹತ್ರ ಅಂಥ ದುಡ್ಡಿಲ್ಲ. ಒಂದು ಜಂಪರ್ ಹೊಲಿದ್ರೆ ಎಷ್ಟು ಬರುತ್ತೆ ನಿಮಗೇ ಗೊತ್ತು.

ಮಂಡಿಪೇಟೆ ಮಾವ

ನೋಡಮ್ಮ, ಬೇಜಾರಾಗಬೇಡ. ಠಾಣೆ, ಕೋರ್ಟು ಅಂತ ಮೆಟ್ಟಿಲು ಹತ್ತಿದ ಸಂಸಾರ ತಿರುಗಿ ಕೂಡಿದ್ದು ನಾನು ಕಂಡಿಲ್ಲ. ನಿಮ್ಮಪ್ಪ ಹೇಳೋದೇ ಸರಿ. ನಾಕು ಜನ ಹಿರೇರು ಕೂತು ಗಂಡನಿಗೆ ಬುದ್ಧಿ ಹೇಳಿ, ಒಂದು ಸಲ ಕಳಿಸಿ ನೋಡಿ. ಹೆಣ್ಣುಮಗು ಬೇರೆ ಐತೆ, ನಾಳೆ ಅದರ ಮದುವೆಗೂ ತೊಂದ್ರೆ.

ನಿವೃತ್ತ ಸಿಸ್ಟರ್

ಮಾವನವರೇ, ಒಂದು ಸಲ ಕಳಿಸಿ ನೋಡಿದ್ದಾಗಿದೆ, ಮುಚ್ಚಳಿಕೆ ಬರೆಸಿದ ರಾತ್ರಿ. ಆಯಮ್ಮ ಬರೆದಿದ್ದನ್ನ ಪೂರ್ತಿ ಓದಿ.

ಟೈಲರಕ್ಕ, ನಾನು ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿ ರಿಟೈರ್ ಆದವಳು. ಪಂಚಾಯ್ತಿ, ಕೋರ್ಟು ಏನಾದ್ರೂ ಇರಲಿ, ಮೊದಲು ಆ ಕಿವಿ ತೋರಿಸಿ. ಕೆನ್ನೆಗೆ ಅಂಗೈ ಬಿದ್ದಾಗ ಕಿವಿ ತಮಟೆ ಹರಿಯೋದನ್ನ ಬೇಕಾದಷ್ಟು ನೋಡಿದ್ದೀನಿ. ಸುಮಾರು ಸಲ ತಾನಾಗೇ ಕೂಡಿಕೊಳ್ಳುತ್ತೆ, ಆದರೆ ನೀರು ಹೋದರೆ ಕೀವು ಕಟ್ಟುತ್ತೆ. ತಲೆಗೆ ನೀರು ಹಾಕೋವಾಗ ಜೋಪಾನ. ಬಿಸಿ ಎಣ್ಣೆ ಬಿಡೋದು, ಬೆಳ್ಳುಳ್ಳಿ ಕಾಯಿಸಿ ಹಾಕೋದು ಮಾತ್ರ ಖಂಡಿತ ಬೇಡ.

ಚಿಗಟೇರಿ ಆಸ್ಪತ್ರೆಗೆ ಹೋಗಿ, ಚೀಟಿ ಮಾಡಿಸೋವಾಗಲೇ "ಗಂಡ ಹೊಡೆದಿದ್ದು, ಎಂಎಲ್‌ಸಿ ಮಾಡಬೇಕು" ಅಂತ ಹೇಳಿ. (ಎಂಎಲ್‌ಸಿ ಅಂದ್ರೆ ಪೆಟ್ಟು ಹೇಗಾಯ್ತು ಅಂತ ಕಾನೂನಿಗೆ ಬೇಕಾಗೋ ಹಾಗೆ ಆಸ್ಪತ್ರೆಯವರು ದಾಖಲಿಸೋದು.) ಬಾತ್‌ರೂಮಲ್ಲಿ ಜಾರಿ ಬಿದ್ದೆ ಅಂತ ನಾಚಿಕೆಗೆ ಹೇಳಿದರೆ ಚೀಟಿಯಲ್ಲಿ ಅದೇ ಉಳಿಯುತ್ತೆ, ಎದುರು ವಕೀಲರು ಅದನ್ನೇ ಎತ್ತಿ ಹಿಡೀತಾರೆ. ತೋಳಿನ ಗುರುತು ಹಳದಿಗೆ ತಿರುಗಿದೆ ಅಂದ್ರೆ ಇನ್ನು ಕೆಲವು ದಿನಕ್ಕೆ ಮಾಯ, ಇವತ್ತೇ ಬೆಳಕಲ್ಲಿ ಫೋಟೋ ತೆಗೆದಿಡಿ, ಒಂದು ಫೋಟೋದಲ್ಲಿ ಮುಖವೂ ಬರಲಿ.

ಆ ಇನ್ನೊಂದು ವಿಷಯ. ನಿಮ್ಮ ತಂಗಿಗೆ ವಾರ ಕಳೆದಿದೆ, ಆದರೂ ಓದೋ ಬೇರೆಯವರಿಗೆ ಬೇಕಾಗಬಹುದು ಅಂತ ಬರೀತೀನಿ. ಲೈಂಗಿಕ ದೌರ್ಜನ್ಯ ಆದವರ ಪರೀಕ್ಷೆ, ಚಿಕಿತ್ಸೆ ಹೇಗಿರಬೇಕು ಅಂತ ಕೇಂದ್ರ ಆರೋಗ್ಯ ಇಲಾಖೆ 2014ರಲ್ಲೇ ಮಾರ್ಗಸೂಚಿ ಕೊಟ್ಟಿದೆ. ಪೊಲೀಸ್ ಕಾಗದ ತರದಿದ್ದರೂ ಚಿಕಿತ್ಸೆ ಕೊಡಬೇಕು. ಸಾಕ್ಷ್ಯದ ಸ್ವಾಬ್ ತೆಗೆಯೋದು 96 ಗಂಟೆ ಒಳಗೆ. ಎಚ್‌ಐವಿ ತಡೆಯೋ ಮಾತ್ರೆ 72 ಗಂಟೆ ಒಳಗೆ ಶುರು ಆಗಬೇಕು, ಬೇಗ ಆದಷ್ಟೂ ಒಳ್ಳೆಯದು. ಬಟ್ಟೆ ಒಗೀಬಾರದು. ಪ್ಲಾಸ್ಟಿಕ್ ಕವರಲ್ಲಿ ಹಾಕಿದರೆ ಬೂಷ್ಟು ಹಿಡಿಯುತ್ತೆ, ಪೇಪರ್ ಕವರೇ ಬೇಕು. ಎರಡು ಬೆರಳಿನ ಪರೀಕ್ಷೆ ಅಂತ ಯಾರಾದರೂ ಹೊರಟರೆ ಬೇಡ ಅನ್ನಿ. ಅದನ್ನ ಮಾಡಿದವರು ದುರ್ನಡತೆ ಎಸಗಿದ ಹಾಗೆ ಅಂತ ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಒಪ್ಪಿಗೆ ಇಲ್ಲದೆ ಯಾವ ಪರೀಕ್ಷೆಯೂ ಇಲ್ಲ. ಚಿಕಿತ್ಸೆ ಸಾಕು, ಪರೀಕ್ಷೆ ಬೇಡ ಅನ್ನೋ ಹಕ್ಕೂ ಹೆಣ್ಣುಮಗಳಿಗಿದೆ, ಹಾಗಂತ ಅವರು ಬರೆದುಕೊಳ್ಳಬೇಕು. ನಿಮ್ಮ ತಂಗಿಗೆ ಈಗ ಬೇಕಾಗಿರೋದು ಲೇಡಿ ಡಾಕ್ಟರ್ ಹತ್ರ ಒಂದು ಸಲ ತೋರಿಸೋದು, ಮುಟ್ಟು ನಿಂತಿದೆಯಾ ನೋಡೋದು.

ಸಾಂತ್ವನದ ಹಳಬಳು

ಅಕ್ಕಾ, ನಾನು ನೊಂದ ಹೆಣ್ಣುಮಕ್ಕಳಿಗೆ ನೆರವಾಗೋ ಸಾಂತ್ವನ ಕೇಂದ್ರದಲ್ಲಿ ಆಪ್ತಸಮಾಲೋಚಕಿ ಆಗಿದ್ದವಳು. ಈಗ ಮೊಮ್ಮಗನ ಹಿಂದೆ ಓಡೋದೇ ಕೆಲಸ. ಅವನು ಮಲಗಿದಾಗ ಬರೀತಿದ್ದೀನಿ, ಉದ್ದ ಆಗುತ್ತೆ.

ಸಖಿಗೆ ಹೋದ ಮಾತ್ರಕ್ಕೆ ಎಫ್‌ಐಆರ್ ಆಗಲ್ಲ. 18 ತುಂಬಿದ ಹೆಣ್ಣುಮಗಳು ಏನು ಬೇಕು ಅಂತಾಳೋ ಅದು. (ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಆಗಿದ್ದರೆ ಬೇರೆ. ಅದನ್ನ ತಡೆಯೋ ಪೋಕ್ಸೋ ಕಾಯ್ದೆ ಪ್ರಕಾರ ಗೊತ್ತಾದವರು ತಿಳಿಸಲೇಬೇಕು, ಮುಚ್ಚಿಡೋ ಹಾಗಿಲ್ಲ.) 2015ರಿಂದ ಈ ಸಖಿ ಕೇಂದ್ರಗಳು ನಡೀತಿವೆ. ಚಿಕಿತ್ಸೆಗೆ ಕರ್ಕೊಂಡು ಹೋಗೋದು, ಆಪ್ತಸಮಾಲೋಚನೆ, ವಕೀಲರ ಸಲಹೆ, ಪೊಲೀಸರ ಹತ್ರ ಜೊತೆಗೆ ಬರೋದು, ಇರೋಕೆ ಜಾಗ ಇಲ್ಲದಿದ್ದರೆ 5 ದಿನದವರೆಗೆ ಅಲ್ಲೇ ಉಳಿಸಿಕೊಳ್ಳೋದು, ಎಲ್ಲ ಒಂದೇ ಸೂರಿನ ಕೆಳಗೆ. ಹೆಣ್ಣುಮಗುನೂ ಜೊತೆಗಿರಬಹುದು. ಅದಕ್ಕಿಂತ ಹೆಚ್ಚು ದಿನ ಬೇಕಾದರೆ ಶಕ್ತಿ ಸದನಕ್ಕೆ ಕಳಿಸ್ತಾರೆ, ಮೊದಲು ಸ್ವಾಧಾರ ಗೃಹ ಅಂತಿದ್ದದ್ದೇ ಅದು. ನೀವು ಮನೆಯಲ್ಲಿ ಇಟ್ಟುಕೊಂಡಿದ್ದೀರಿ, ಆ ಪುಣ್ಯ ಎಲ್ಲರಿಗೂ ಇರಲ್ಲ. ಎಷ್ಟೋ ಹೆಣ್ಣುಮಕ್ಕಳು ಬಸ್ ಸ್ಟ್ಯಾಂಡಲ್ಲಿ ರಾತ್ರಿ ಕಳೆದು ಬೆಳಿಗ್ಗೆ ನಮ್ಮ ಬಾಗಿಲಿಗೆ ಬಂದದ್ದು ನೆನಪಿದೆ. 181ಕ್ಕೆ ಫೋನ್ ಮಾಡಿ, ದುಡ್ಡು ಬೀಳಲ್ಲ, ಹಗಲೂ ರಾತ್ರಿಯೂ ಎತ್ತುತ್ತಾರೆ. ಅವನು ಬಾಗಿಲಿಗೆ ಬಂದು ಗಲಾಟೆ ಮಾಡಿದರೆ ಮಾತ್ರ 112.

ಈಗ ನಾನು ನಿಜವಾಗಿ ಹೇಳಬೇಕು ಅಂದುಕೊಂಡಿದ್ದು. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ಸಂರಕ್ಷಣಾಧಿಕಾರಿ ಅಂತ ಒಬ್ಬರಿರ್ತಾರೆ. ನಮ್ಮಲ್ಲಿ ಸಿಡಿಪಿಒನೇ, ಅಂದ್ರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿನೇ ಆ ಅಧಿಕಾರಿ. ನಿಮ್ಮ ಅಂಗನವಾಡಿ ಟೀಚರಿಗೆ ಆ ಆಫೀಸು ದಿನಾ ತುಳಿಯೋ ಜಾಗ, ಅವರನ್ನೇ ಜೊತೆಗೆ ಕರ್ಕೊಳ್ಳಿ. ಅಲ್ಲಿ ಡಿಐಆರ್ ಅಂತ ಒಂದು ನಮೂನೆ ತುಂಬ್ತಾರೆ, ಕೌಟುಂಬಿಕ ಘಟನಾ ವರದಿ. ಕೋರ್ಟಿಗೆ ಮೊದಲು ಹೋಗೋದು ಆ ಕಾಗದ. ಅದು ಹೇಗೆ ತುಂಬಿದೆ ಅನ್ನೋದರ ಮೇಲೆ ಮುಂದಿನ ಅರ್ಧ ಕೆಲಸ ನಿಂತಿರುತ್ತೆ ಅನ್ನೋದು ನನ್ನ ಅನುಭವ.

ಬರೆಯೋರಿಗೆ ಅವಸರ ಇರುತ್ತೆ. "ಪತಿಯು ಆಗಾಗ್ಗೆ ಮದ್ಯಪಾನ ಮಾಡಿ ಬಂದು ದೈಹಿಕ ಮತ್ತು ಮಾನಸಿಕ ಕಿರುಕುಳ ನೀಡುತ್ತಿದ್ದು" ಅಂತ ಒಂದು ಸಾಲು ಎಳೆದು ಸಹಿ ಹಾಕಮ್ಮ ಅಂತಾರೆ. ಈ ಸಾಲು ಎಷ್ಟು ಅರ್ಜಿಗಳಲ್ಲಿ ಅಕ್ಷರ ಬಿಡದೆ ಕಂಡಿದ್ದೀನಿ ಅಂದ್ರೆ, ಕುಡಿಯದ ಗಂಡನ ಮೇಲೂ ಕುಡಿತ ಬರೆದಿದ್ದು ಉಂಟು. ಆಮೇಲೆ ಕೋರ್ಟಲ್ಲಿ ಅವನು "ನಾನು ಕುಡಿಯೋದೇ ಇಲ್ಲ ಸ್ವಾಮಿ" ಅಂದರೆ ಪೂರ್ತಿ ಅರ್ಜಿಯೇ ಸುಳ್ಳು ಅನ್ನಿಸುತ್ತೆ. ನಿಮ್ಮ ತಂಗಿದು ಹೇಗಿರಬೇಕು ಅಂದ್ರೆ: ಯಾವ ದಿನ, ಎಲ್ಲಿ, ಏನು ತಗೊಂಡು, ದೇಹದ ಯಾವ ಭಾಗಕ್ಕೆ, ಯಾರು ಎದುರಿಗಿದ್ರು. "ಅಡುಗೆಮನೆಯಲ್ಲಿ ರೊಟ್ಟಿ ಬಡೀತಿದ್ದೆ, ಹಿಂದಿನಿಂದ ಬಂದು ಎಡಗೆನ್ನೆಗೆ ಹೊಡೆದ, ಅತ್ತೆ ಬಾಗಿಲಲ್ಲಿ ನಿಂತಿದ್ರು, ಅವತ್ತಿಂದ ಎಡಗಿವಿ ಕೇಳಿಸ್ತಿಲ್ಲ." ಇಷ್ಟು ಸಾಕು, ವಿಶೇಷಣ ಬೇಡ.

ತಾರೀಕು ನೆನಪಿಲ್ಲ ಅಂತಾಳೆ, ಎಲ್ಲರೂ ಅನ್ನೋದೇ. ಹಬ್ಬ ಹಿಡಿದು ಕೇಳಿ. ಚಳ್ಳಕೆರೆ ಕಡೆಯವರಿಗೆ ನಾಯಕನಹಟ್ಟಿ ತೇರು ಮರೆಯಲ್ಲ. ತೇರಿಗೆ ಮುಂಚೆನೋ ಆಮೇಲೋ? ಯುಗಾದಿಗೆ ತವರಿಗೆ ಬಂದಿದ್ದಾಗ ಕೈ ಊದಿತ್ತಾ? ಮಗಳಿಗೆ ಪರೀಕ್ಷೆ ನಡೀತಿತ್ತಾ? ಆಮೇಲೆ ಕ್ಯಾಲೆಂಡರ್ ತೆಗೆದು ನೀವೇ ತಾರೀಕು ಹಾಕಬಹುದು. ನೀವು ಮನೆಯಲ್ಲೇ ಒಂದು ನೋಟ್‌ಬುಕ್ಕಲ್ಲಿ ಅವಳು ಹೇಳಿದ ಹಾಗೇ ಬರೆದಿಟ್ಟುಕೊಂಡು ಹೋಗಿ. ಒಂದೇ ಕೂತಲ್ಲಿ ಕೇಳಬೇಡಿ. ನೀವು ಮಿಷನ್ ತುಳೀತಾ ಇರಿ, ಅವಳು ಗುಂಡಿ ಹಾಕ್ತಾ ಕೂತಿರಲಿ, ಮಾತು ತಾನಾಗೇ ಬರುತ್ತೆ. ಮುಖಕ್ಕೆ ಮುಖ ಕೊಟ್ಟು ಕೂತರೆ ಬಾಯಿ ಕಟ್ಟುತ್ತೆ.

ಆ ನಮೂನೆಯಲ್ಲಿ ದೈಹಿಕ, ಲೈಂಗಿಕ, ಮಾತಿನ ಹಿಂಸೆ, ಹಣಕಾಸಿನ ಹಿಂಸೆ ಅಂತ ಬೇರೆ ಬೇರೆ ಭಾಗ ಇವೆ. ಹಣಕಾಸಿಂದು ಸಾಮಾನ್ಯವಾಗಿ ಖಾಲಿ ಬಿಟ್ಟಿರ್ತಾರೆ. ಮನೆಖರ್ಚಿಗೆ ಕೊಡದೇ ಇದ್ದದ್ದು, ಔಷಧಿ ಕೊಡಿಸದೇ ಇದ್ದದ್ದು, ಕೂಲಿಗೆ ಹೋಗೋಕೆ ಬಿಡದೇ ಇದ್ದದ್ದು, ಒಡವೆ ಅಡ ಇಟ್ಟಿದ್ದು, ಎಲ್ಲ ಅಲ್ಲಿಗೆ ಬರುತ್ತೆ. ಲೈಂಗಿಕ ಭಾಗದಲ್ಲಿ ಬಲವಂತದ ಸಂಭೋಗ ಅಂತ ನೇರವಾಗಿಯೇ ಅಚ್ಚಾಗಿದೆ, ಅಶ್ಲೀಲ ಚಿತ್ರ ಬಲವಂತವಾಗಿ ತೋರಿಸೋದೂ ಇದೆ. ಅವಳು ಬಾಯಿಬಿಟ್ಟು ವರ್ಣಿಸಬೇಕಾಗಿಲ್ಲ, ಓದಿಸಿ, ಆಗಿದ್ದಕ್ಕೆ ಗುರುತು ಹಾಕಲಿ. ಆ ರೂಮಲ್ಲಿ ಗಂಡಸರು ಕೂತಿದ್ದರೆ ಹೊರಗೆ ಹೋಗಿ ಅನ್ನೋಕೆ ಸಂಕೋಚ ಬೇಡ. ಕೊನೆಗೆ ಬರೆದದ್ದನ್ನ ಪೂರ್ತಿ ಓದಿ ಹೇಳಿಸಿಕೊಂಡು ಆಮೇಲೆ ಸಹಿ, ಒಂದು ಪ್ರತಿ ನಿಮ್ಮ ಕೈಗೆ.

ಮಂಡಿಪೇಟೆ ಅಣ್ಣೋರೆ, ನಾವೂ ರಾಜಿ ಮಾಡಿಸಿದ್ದೀವಿ. ಕೂಡಿ ಬಾಳಿದವರೂ ಇದ್ದಾರೆ, ಇಲ್ಲ ಅನ್ನಲ್ಲ. ಆದರೆ ಪಂಚಾಯ್ತಿಯಲ್ಲಿ ಏನಾಗುತ್ತೆ ಹೇಳಿ? "ನೀನು ಯಾಕೆ ಎದುರು ಮಾತಾಡಿದೆ" ಅಂತ ಅವಳನ್ನೇ ಮೊದಲು ಕೇಳ್ತಾರೆ. ಈ ಕಾಯ್ದೆಯ 2006ರ ನಿಯಮದಲ್ಲಿ ಸಮಾಲೋಚನೆ ಹೇಗೆ ನಡೀಬೇಕು ಅಂತಿದೆ ನೋಡಿ, ಹೊಡೆದವನು ಹೊಡೆದದ್ದಕ್ಕೆ ಸಬೂಬು ಕೊಡೋ ಹಾಗೇ ಇಲ್ಲ. ಅವಳು ಬೇಡ ಅಂದರೆ ರಾಜಿಯೂ ಇಲ್ಲ. ಆ ಎರಡು ಮಾತು ಒಪ್ಪೋ ಹಿರಿಯರಿದ್ದರೆ ಕರೀರಿ, ನಾನೂ ಬಂದು ಚಾಪೆ ಮೇಲೆ ಕೂತ್ಕೋತೀನಿ.

ದುರ್ಗದ ಕರಿಕೋಟು

ವಕೀಲ. ಕೇಳಿದ್ದಕ್ಕಷ್ಟೇ ಉತ್ತರ.

ದಾವಣಗೆರೆಯಲ್ಲಿ ಅರ್ಜಿ ಹಾಕಬಹುದು. ಕೌಟುಂಬಿಕ ದೌರ್ಜನ್ಯ ಕಾಯ್ದೆಯ 27ನೇ ಕಲಮಿನ ಪ್ರಕಾರ ಆಕೆ ತಾತ್ಕಾಲಿಕವಾಗಿ ಇರುವ ಊರಿನ ಮ್ಯಾಜಿಸ್ಟ್ರೇಟ್ ಕೋರ್ಟೂ ನಡೆಯುತ್ತೆ. ಕ್ರೌರ್ಯದ ದೂರು, ಅಂದರೆ ಹಳೇ ದಂಡ ಸಂಹಿತೆಯ 498ಎ, ಈಗ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಮು. ಅದನ್ನೂ ಆಸರೆ ಪಡೆದ ಊರಲ್ಲಿ ಕೊಡಬಹುದು ಅಂತ 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇವೆರಡೂ ಬೇರೆ ಬೇರೆ ದಾರಿ. ಮೊದಲನೆಯದರಲ್ಲಿ ರಕ್ಷಣೆ, ಮನೆ, ಜೀವನಾಂಶ, ಮಗುವಿನ ಆದೇಶ ಸಿಗುತ್ತೆ, ಅರ್ಜಿ ಹಾಕಿದ ಮಾತ್ರಕ್ಕೆ ಗಂಡನನ್ನು ಹಿಡಿದು ಒಳಗೆ ಹಾಕಲ್ಲ. ಕೇಸಿಗೆ ಹೆದರುವವರು ಶುರು ಮಾಡಬೇಕಾದದ್ದು ಅಲ್ಲಿಂದ. ಸಿಕ್ಕ ರಕ್ಷಣಾ ಆದೇಶ ಮೀರಿದರೆ ಮಾತ್ರ ಅದು ಅಪರಾಧ, ಒಂದು ವರ್ಷದವರೆಗೆ ಸಜೆ ಇದೆ.

ಮನೆ. ಅತ್ತೆಯ ಹೆಸರಲ್ಲಿದ್ದರೂ ಸೊಸೆ ಸಂಸಾರ ಮಾಡಿದ ಮನೆ "ಹಂಚಿಕೊಂಡ ವಾಸದ ಮನೆ" ಆಗಬಹುದು ಅಂತ 2020ರ ಸತೀಶ್ ಚಂದರ್ ಅಹುಜಾ ತೀರ್ಪು. ಇಟ್ಟಿಗೆ ಆಕೆಯದಾಗಲ್ಲ, ಅತ್ತೆ ಹೇಳಿದ್ದು ಅಷ್ಟರಮಟ್ಟಿಗೆ ನಿಜ. ಆದರೆ ವಾಸದ ಹಕ್ಕು ಕೇಳಬಹುದು, ಅಥವಾ ಬೇರೆ ಮನೆ ಬಾಡಿಗೆ ಗಂಡನಿಂದ ಕೊಡಿಸಿ ಅನ್ನಬಹುದು. ನಿಮ್ಮ ತಂಗಿ ಅಲ್ಲಿಗೆ ಮರಳೋ ಮನಸ್ಸಿಲ್ಲದಿದ್ದರೆ ಎರಡನೆಯದೇ ಮೇಲು. ಹಿರಿಯ ನಾಗರಿಕರ ಕಾಯ್ದೆ ಅಂತ ಎ.ಸಿ. (ಉಪವಿಭಾಗಾಧಿಕಾರಿ) ಆಫೀಸಿಗೆ ಹೋಗ್ತೀನಿ ಅಂತಲೂ ಅತ್ತೆ ಹೆದರಿಸಬಹುದು. ಆ ದಾರಿಯಿಂದ ಸೊಸೆಯ ವಾಸದ ಹಕ್ಕನ್ನು ಸುಮ್ಮನೆ ಅಳಿಸಲಾಗದು ಅಂತ ಅದೇ ವರ್ಷ ಬೆಂಗಳೂರಿನ ಎಸ್. ವನಿತಾ ಪ್ರಕರಣದಲ್ಲಿ ತೀರ್ಮಾನವಾಗಿದೆ.

ರಾತ್ರಿಯ ವಿಷಯ. ಹೆಂಡತಿಗೆ 18 ತುಂಬಿದ್ದರೆ, ಜೊತೆಗಿರುವ ಗಂಡನ ಬಲವಂತ ನಮ್ಮ ದಂಡ ಕಾನೂನಿನಲ್ಲಿ ಅತ್ಯಾಚಾರ ಅಲ್ಲ. ನನಗೆ ಇದನ್ನು ಕಕ್ಷಿದಾರರ ಮುಖ ನೋಡಿ ಹೇಳುವುದಕ್ಕೆ ಪ್ರತಿಸಲ ಕಷ್ಟ. ಆದರೆ 2005ರ ಕಾಯ್ದೆಯ 3ನೇ ಕಲಮಿನಲ್ಲಿ ಲೈಂಗಿಕ ದೌರ್ಜನ್ಯ ಸ್ಪಷ್ಟವಾಗಿದೆ, ಆದ್ದರಿಂದ ಅಕ್ಕನವರು ಹೇಳಿದ ಆ ಭಾಗ ಖಾಲಿ ಬಿಡಬೇಡಿ. ಇನ್ನೊಂದು, ಈಗ ಬೇರೆ ಇದ್ದಾಳೆ. ಬೇರೆ ಇರುವಾಗ ಬಲವಂತ ಮಾಡಿದರೆ ಸಂಹಿತೆಯ 67ನೇ ಕಲಮಿನಡಿ ಗಂಡನಿಗೂ ಶಿಕ್ಷೆ ಇದೆ.

ಫೀಸು ಬೇಡ. ಹೆಣ್ಣುಮಕ್ಕಳಿಗೆ ಆದಾಯ ನೋಡದೆ ವಕೀಲರನ್ನು ಕೊಡಬೇಕು, 1987ರ ಕಾನೂನು ಸೇವೆಗಳ ಕಾಯ್ದೆ. ದಾವಣಗೆರೆ ಕೋರ್ಟಿನಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಎಲ್ಲಿ ಅಂತ ಕೇಳಿ, ಅಥವಾ 15100ಕ್ಕೆ ಕರೆ ಮಾಡಿ. ಮೊದಲ ವಿಚಾರಣೆ ಸಾಮಾನ್ಯವಾಗಿ 3 ದಿನದೊಳಗೆ, ಅರ್ಜಿ 60 ದಿನದಲ್ಲಿ ಮುಗಿಸಲು ಪ್ರಯತ್ನಿಸಬೇಕು ಅಂತ ಕಾಯ್ದೆ ಹೇಳುತ್ತೆ. ಆ 60 ದಿನವನ್ನು ನಂಬಿ ಕೂರಬೇಡಿ, ವಾಯಿದೆ ಮೇಲೆ ವಾಯಿದೆ ಬೀಳುತ್ತೆ. ಅದಕ್ಕೇ ಮಧ್ಯಂತರ ಆದೇಶವನ್ನು ಮೊದಲ ದಿನವೇ ಕೇಳಿಸಿ.

ಠಾಣೆಯ ಮುಚ್ಚಳಿಕೆ ಎಫ್‌ಐಆರ್‌ಗೆ ಬದಲಿ ಅಲ್ಲ. ಹಾಗಂತ ಬಿಸಾಡಬೇಡಿ. ಅವತ್ತೇ ದೂರಿತ್ತು ಅನ್ನುವುದಕ್ಕೆ ಅದೇ ಸಾಕ್ಷಿ, ನಕಲು ಕೇಳಿ ಪಡೆಯಿರಿ. ಮುಂದೆ ಯಾವ ಠಾಣೆಯಲ್ಲಾದರೂ ದೂರು ತಗೊಳ್ಳದಿದ್ದರೆ ಎಸ್‌ಪಿಗೆ ಬರಹದಲ್ಲಿ ಅಂಚೆಯಲ್ಲಿ ಕಳಿಸಿ.

ಮಂಡಿಪೇಟೆ ಮಾವ

ಸರಿನಮ್ಮ, ನನಗೆ ತಿಳಿದಷ್ಟು ಹೇಳಿದೆ. ಮುಚ್ಚಳಿಕೆ ಬರೆಸಿದ ಮೇಲೂ ಕೈ ಮಾಡ್ಯಾನೆ ಅಂದ್ರೆ ಹಿರೇರ ಮಾತಿಗೆ ಬಗ್ಗೋನಲ್ಲ ಬಿಡಿ. ಆದ್ರೂ ಒಡವೆ ವಿಚಾರ ಯಾರೂ ಹೇಳ್ಲಿಲ್ವಲ್ಲ?

ದುರ್ಗದ ಕರಿಕೋಟು

ಒಳ್ಳೆ ಪ್ರಶ್ನೆ. ತವರಿನವರು ಹಾಕಿದ ಒಡವೆ ಸ್ತ್ರೀಧನ, ವಾಪಸ್ ಕೊಡಿಸಲು ಕೌಟುಂಬಿಕ ದೌರ್ಜನ್ಯ ಕಾಯ್ದೆಯ 19ನೇ ಕಲಮಿನಲ್ಲೇ ಅವಕಾಶ ಇದೆ. ಅಂಗಡಿ ಬಿಲ್ಲು, ಮದುವೆ ಆಲ್ಬಮ್ಮಿನಲ್ಲಿ ಸರ, ಬಳೆ ಕಾಣುವ ಫೋಟೋ ಹುಡುಕಿಡಿ.

ನಿಟ್ಟುವಳ್ಳಿ ಟೈಲರಕ್ಕ

ಎಲ್ಲರಿಗೂ ಕೈ ಮುಗಿದೆ. ಸಿಸ್ಟರ್ ಹೇಳಿದಂಗೆ ಕಿವಿ ತೋರಿಸಿದ್ವಿ, ತಮಟೆ ತೂತಾಗೈತಂತೆ, ತಿಂಗಳು ಬಿಟ್ಟು ಮತ್ತೆ ಬಾ ಅಂದಾರೆ. ಚೀಟಿನಾಗೆ "ಗಂಡ ಹೊಡೆದಿದ್ದು" ಅಂತ ಬರೆಸಿದ್ವಿ. ಬರೆಯೋ ಹುಡುಗ ಒಂದ್ಸಲ ನನ್ನ ಮುಖ ನೋಡಿ, ಆಮೇಲೆ ಬರೆದ.

181ರೋರು ಚೆನ್ನಾಗಿ ಮಾತಾಡಿದ್ರು. ಸೋಮವಾರ ಟೀಚರ್ ಜೊತೆ ಸಿಡಿಪಿಒ ಆಫೀಸಿಗೆ ಹೋಗ್ತೀವಿ. ನೋಟ್‌ಬುಕ್ಕು ಶುರು ಮಾಡೀವಿ, ಗುಂಡಿ ಹಾಕ್ತಾನೇ ಹೇಳ್ತಾಳೆ. ಅಪ್ಪ ಎರಡು ಪುಟ ಓದಿ ಎದ್ದು ಹೊರಗೆ ಹೋದ್ರು, ಪಂಚಾಯ್ತಿ ಮಾತು ಮತ್ತೆ ಎತ್ತಿಲ್ಲ.

ಇನ್ನೊಂದೇ ಕೇಳ್ತೀನಿ. ಮಗು ಎರಡನೇ ಕ್ಲಾಸು. ಇಲ್ಲೇ ಸರ್ಕಾರಿ ಶಾಲೆಗೆ ಹಾಕನ ಅಂದ್ರೆ ಟಿ.ಸಿ. ಇಲ್ಲ. ಅಪ್ಪ ಬಂದು ಕೇಳದೇ ಕೊಡಲ್ಲ ಅಂತ ಆ ಶಾಲೆಯೋರು ಫೋನ್‌ನಾಗೆ ಹೇಳ್ತಾರೆ. ಹುಡುಗಿ ದಿನಾ ಬೆಳಿಗ್ಗೆ ಯೂನಿಫಾರಂ ಕೇಳ್ತಾಳೆ.

ಸಾಂತ್ವನದ ಹಳಬಳು

ಟಿ.ಸಿ. ತಡ ಆಯ್ತು ಅಂತ ಸೇರಿಸಿಕೊಳ್ಳದೇ ಇರೋ ಹಾಗಿಲ್ಲ, 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಮಿನಲ್ಲೇ ಇದೆ. ನಾಳೆನೇ ಕರ್ಕೊಂಡು ಹೋಗಿ ಹೆಡ್‌ಮಾಸ್ಟರ್ ಹತ್ರ ಹೇಳಿ. ಮಗುವಿನ ಸ್ಯಾಟ್ಸ್ ನಂಬರ್ (ಶಾಲೆಯ ಆನ್‌ಲೈನ್ ದಾಖಲೆಯ ನಂಬರ್) ಹಳೇ ಅಂಕಪಟ್ಟಿಯಲ್ಲೋ ಮೊಬೈಲಲ್ಲಿರೋ ಫೋಟೋದಲ್ಲೋ ಇದ್ದರೆ ಕೊಡಿ, ಮಿಕ್ಕಿದ್ದು ಅವರು ಕಂಪ್ಯೂಟರಲ್ಲಿ ನೋಡ್ಕೋತಾರೆ. ಮಧ್ಯಾಹ್ನ ಅವನೇ ಬಂದು ಮಗುನ ಕರ್ಕೊಂಡು ಹೋಗೋ ಪ್ರಸಂಗ ಬರಬಾರದಲ್ಲ, ಅದಕ್ಕೆ ಸೋಮವಾರದ ಅರ್ಜಿಯಲ್ಲೇ ಮಗಳು ತಾಯಿ ಹತ್ರ ಇರಬೇಕು ಅಂತ ಕೌಟುಂಬಿಕ ದೌರ್ಜನ್ಯ ಕಾಯ್ದೆಯ 21ನೇ ಕಲಮಿನ ಮಧ್ಯಂತರ ಆದೇಶವನ್ನೂ ಸೇರಿಸಿ. ಸಿಕ್ಕ ದಿನ ಅದರ ಜೆರಾಕ್ಸ್ ಹೆಡ್‌ಮಾಸ್ಟರಿಗೆ ಕೊಡಿ. ಅಲ್ಲಿವರೆಗೆ ಶಾಲೆ ಬಿಡೋ ಹೊತ್ತಿಗೆ ನೀವೇ ಗೇಟಿನ ಹತ್ರ ಹೋಗಿ.